ಬಿಡುವಿನ ಪೀರಿಯಡ್ ಯಾರಿಗೆ?

ನೋಡುವವರಿಗೆ ಶಾಲೆಯ ವೇಳಾಪಟ್ಟಿ ಒಂದು ಲೆಕ್ಕ. ಹಾಕಲು ಕೂತವರಿಗೆ ಗೊತ್ತು, ಅದರಲ್ಲಿ ಲೆಕ್ಕಕ್ಕಿಂತ ದಾಕ್ಷಿಣ್ಯವೇ ಹೆಚ್ಚು. ಐದು ದಿನ ಎಂಟೆಂಟು ಪೀರಿಯಡ್, ಶನಿವಾರ ಬೆಳಿಗ್ಗೆ ಐದು ಎಂದರೆ ಒಂದು ಸೆಕ್ಷನ್ನಿಗೆ ವಾರಕ್ಕೆ 45 ಮನೆ. ಆರು ಸೆಕ್ಷನ್ನಿದ್ದರೆ 270. ಗಣಿತದ ಮೇಷ್ಟ್ರು ಒಂದೇ ಹೊತ್ತಿಗೆ ಎರಡು ಕಡೆ ಇರಕೂಡದು, ಕನ್ನಡ ಒಂದೇ ದಿನ ಮೂರು ಸಲ ಬರಕೂಡದು. ಹಿಂದೆ ಜೂನ್ ಬಂತೆಂದರೆ ಪೆನ್ಸಿಲ್ಲು, ರಬ್ಬರು, ದೊಡ್ಡ ಹಾಳೆ ಹಿಡಿದು ಮೂರು ದಿನ ಕೂರುತ್ತಿದ್ದೆವು. ಈಗ ನಾನು ಎಫ್‌ಇಟಿ ಎಂಬ ತಂತ್ರಾಂಶ ಬಳಸುತ್ತೇನೆ. ರೊಮೇನಿಯಾದ ಲಿವಿಯು ಲಾಲೆಸ್ಕು 2002ರಲ್ಲಿ ಆರಂಭಿಸಿದ್ದು, ಪುಕ್ಕಟೆ ಸಿಗುತ್ತದೆ. ಯಾರು, ಯಾವ ವಿಷಯ, ಎಷ್ಟು ಪೀರಿಯಡ್ ಎಂದು ತುಂಬಿಸಿ ಗುಂಡಿ ಒತ್ತಿದರೆ, ಟೀ ಕುಡಿದು ಬರುವಷ್ಟರಲ್ಲಿ ಪಟ್ಟಿ ಸಿದ್ಧ.

ಈ ಲೆಕ್ಕದ ಬಗ್ಗೆ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿದೆ. 1976ರಲ್ಲಿ ಈವನ್, ಇಟಾಯ್, ಶಮೀರ್ ಎಂಬ ಇಸ್ರೇಲಿನ ಮೂವರು ಗಣಕ ವಿಜ್ಞಾನಿಗಳು, ವೇಳಾಪಟ್ಟಿಯ ಸಮಸ್ಯೆ ಅತಿ ಕಠಿಣವಾದವುಗಳ ಗುಂಪಿಗೆ ಸೇರಿದ್ದೆಂದು ತೋರಿಸಿಕೊಟ್ಟರು. ಯಾವ ಶಾಲೆಯ ಪಟ್ಟಿಯನ್ನಾದರೂ ಬೇಗನೆ ಬಿಡಿಸಿಕೊಡುತ್ತೇನೆಂದು ಖಾತ್ರಿ ಹೇಳುವ ವಿಧಾನ ಇಂದಿಗೂ ಯಾರ ಬಳಿಯೂ ಇಲ್ಲ. ಸ್ವಾರಸ್ಯ ಇರುವುದು ಆ ಕಷ್ಟ ಎಲ್ಲಿಂದ ಬರುತ್ತದೆ ಎಂಬುದರಲ್ಲಿ. ಯಾರು ಯಾವ ತರಗತಿಗೆ ಎಷ್ಟು ಪಾಠ ಎಂಬುದಷ್ಟೇ ಇದ್ದು, ಮೇಷ್ಟ್ರುಗಳೆಲ್ಲ ಎಲ್ಲ ಹೊತ್ತಿನಲ್ಲೂ ಸಿಗುವಂತಿದ್ದರೆ ಲೆಕ್ಕ ಸುಲಭ. ‘ಈ ಹೊತ್ತಿನಲ್ಲಿ ನನಗಾಗದು’ ಎಂದು ಅವರು ಹೇಳತೊಡಗಿದರೆ, ಒಟ್ಟು ಮೂರೇ ಪೀರಿಯಡ್ಡಿನ ಪಟ್ಟಿಯೂ ಕಗ್ಗಂಟಾಗಬಲ್ಲದು. ಪಾಠದ ಹೊರಗೆ ಮೇಷ್ಟ್ರಿಗೊಂದು ಬದುಕಿದೆ ಎಂಬುದೇ ಗಣಿತಕ್ಕೆ ತೊಡಕು.

ಆ ಬದುಕು ನಮ್ಮ ಜಿಲ್ಲೆಯಲ್ಲಿ ಹೀಗಿರುತ್ತದೆ. ಬೆಂಗಳೂರು ಕಡೆಯಿಂದ ರೈಲಿನಲ್ಲಿ ಗೌರಿಬಿದನೂರಿಗೆ ಬರುವ ಮೇಡಮ್ಮಿಗೆ ಮೊದಲ ಪೀರಿಯಡ್ ಎಂದರೆ ದಿನಾ ಎದೆಬಡಿತ. ಚಿಂತಾಮಣಿಯ ಒಳಹಳ್ಳಿಯಲ್ಲಿ ಸಂಜೆಯ ಬಸ್ಸು ತಪ್ಪಿದರೆ ಮುಂದಿನದು ದೇವರಿಗೇ ಗೊತ್ತು. ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿದವರೊಬ್ಬರಿಗೆ ಹಾಸಿಗೆ ಹಿಡಿದ ಅತ್ತೆ. ಹಳೆಯ ಹೆಡ್‌ಮೇಷ್ಟ್ರುಗಳು ಇದನ್ನೆಲ್ಲ ಕೇಳದೆಯೇ ತಿಳಿದುಕೊಂಡು, ಹೇಳದೆಯೇ ಒಂದು ಮನೆಯನ್ನು ಖಾಲಿ ಬಿಡುತ್ತಿದ್ದರು. ಪಡೆದವರೂ ಮಾತಾಡುತ್ತಿರಲಿಲ್ಲ.

ಈ ಮೌನದ ದಯೆಯನ್ನು ಹೊಗಳಿ ಬರೆಯುವುದು ಸುಲಭ. ಅದೇ ಪೆನ್ಸಿಲ್ಲು ಬೇರೆ ಕೆಲಸವನ್ನೂ ಮಾಡುತ್ತಿತ್ತು. ಬಿಸಿಯೂಟ ಮುಗಿದು ಮಕ್ಕಳು ತೂಕಡಿಸುವ ಪೀರಿಯಡ್, ದಿನದ ಕೊನೆಯ ಪೀರಿಯಡ್, ಶನಿವಾರದ್ದು, ಇವೆಲ್ಲ ಹೋಗಿ ಸೇರುತ್ತಿದ್ದುದು ಅತಿಥಿ ಶಿಕ್ಷಕರ ಪಾಲಿಗೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಸ್ಥಿತಿಯಲ್ಲಿರುವವರು ಹೆಡ್‌ಮೇಷ್ಟ್ರ ಕೋಣೆಗೆ ಹೋಗಿ ತಕರಾರು ತೆಗೆಯುವುದುಂಟೇ? ಸೀನಿಯರುಗಳ ಬಿಡುವು ಮಾತ್ರ ಯಾವಾಗಲೂ ದಿನದ ಕೊನೆಗೇ ಬರುತ್ತಿತ್ತು, ಕಾಕತಾಳೀಯವಾಗಿ! ತಂತ್ರಾಂಶದಲ್ಲಿ ಹೀಗೆ ಮಾಡಬೇಕಾದರೂ ಅದನ್ನು ಬರೆದೇ ಮಾಡಬೇಕು. ಯಾರ ಹೆಸರಿನ ಮುಂದೆ ಯಾವ ಮನೆಗೆ ಅಡ್ಡಗೆರೆ ಬಿದ್ದಿದೆ ಎಂಬುದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಇಷ್ಟರಮಟ್ಟಿಗೆ ನಾನು ಯಂತ್ರದ ಪಕ್ಷ.

ಆದರೆ ಬರೆಯುವುದೆಂದರೆ ಹೇಳಿಸಿಕೊಳ್ಳುವುದೂ ಹೌದು. ಮೊದಲ ಪೀರಿಯಡ್ ಬೇಡ ಎಂದವರನ್ನು ‘ಯಾಕೆ?’ ಎಂದು ಕೇಳಲೇಬೇಕಾಗುತ್ತದೆ, ಏಕೆಂದರೆ ಎಲ್ಲರೂ ಬೇಡವೆಂದರೆ ಪಟ್ಟಿ ಕೂಡಿಬರುವುದಿಲ್ಲ. ಕೆಲವು ನಿಬಂಧನೆಗಳಿಗೆ ನೂರಕ್ಕೆ ನೂರು ತೂಕ ಕೊಡಬೇಕು, ಕೆಲವಕ್ಕೆ ಕಡಿಮೆ ಕೊಡಬಹುದು. ಅತ್ತೆಯ ಕಾಯಿಲೆಗೆ ಎಷ್ಟು? ರೈಲಿಗೆ ಎಷ್ಟು? ಒಬ್ಬಾಕೆಗೆ ಇನ್ನೂ ಮೂರು ತಿಂಗಳು ತುಂಬಿಲ್ಲ, ಬೆಳಗಿನ ವಾಂತಿ, ಯಾರಿಗೂ ಹೇಳುವಂತಿಲ್ಲ. ಕಾರಣ ಹೇಳಲಾಗದವರಿಗೆ ನ್ಯಾಯವಾದ ಪಟ್ಟಿಯಲ್ಲಿ ಜಾಗವಿಲ್ಲ ಎಂದಾದರೆ, ಅದು ಎಂಥ ನ್ಯಾಯ? ಇದಕ್ಕೆ ನಾನು ಕಂಡುಕೊಂಡಿರುವ ದಾರಿ ಚಿಕ್ಕದು. ಪ್ರತಿಯೊಬ್ಬರಿಗೂ, ಅತಿಥಿ ಶಿಕ್ಷಕರೂ ಸೇರಿ, ವಾರಕ್ಕೆ ಎರಡು ಮನೆಗಳನ್ನು ಕಾರಣ ಕೇಳದೆ ಬಿಟ್ಟುಕೊಡುವುದು. ಮೂರನೆಯದಕ್ಕೆ ಮಾತ್ರ ಬಾಯಿಬಿಡಬೇಕು. ಪಟ್ಟಿ ಆಗ ಸ್ವಲ್ಪ ಹೆಣಗುತ್ತದೆ, ಹೆಣಗಲಿ.

ನನಗೆ ಸಿಟ್ಟು ಬರುವುದು ‘ಸಾಫ್ಟ್‌ವೇರ್ ಹಾಗೆ ಹಾಕಿದೆ, ನಾವೇನು ಮಾಡೋಣ’ ಎಂಬ ಮಾತಿಗೆ. ಪೆನ್ಸಿಲ್ ಹಿಡಿದವರ ಹತ್ತಿರ ಜಗಳವಾದರೂ ಆಡಬಹುದಿತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ್ದೂ 1976ರಲ್ಲೇ. ಒಳಗೆ ಏನು ತುಂಬಿಸಿದ್ದಾರೆಂದು ಕೇಳದೆ ಹೊರಗೆ ಬಂದದ್ದಕ್ಕೆ ತಲೆಬಾಗುವುದು ಪವಾಡಕ್ಕೆ ಕೈಮುಗಿಯುವುದಕ್ಕಿಂತ ಬಹಳ ಬೇರೆಯೇನಲ್ಲ. ತೂಕ ಹಾಕಿದ್ದು ಒಬ್ಬ ಮನುಷ್ಯ. ಅದಕ್ಕೇ ನಮ್ಮ ಪಟ್ಟಿಯ ಕೆಳಗೆ ನನ್ನ ರುಜು ಇರುತ್ತದೆ.

ಇಷ್ಟೆಲ್ಲ ಮಾತು ಮೇಷ್ಟ್ರುಗಳದ್ದಾಯಿತು. ತಂತ್ರಾಂಶದಲ್ಲಿ ಮಕ್ಕಳಿಗೂ ನಿಬಂಧನೆ ಹಾಕಬಹುದು, ಆದರೆ ಅದು ಸೆಕ್ಷನ್ನಿಗೆ ಹಾಕುವಂಥದ್ದು. ಸೆಕ್ಷನ್ನಿಗೆ ನಿದ್ದೆ ಬರುವುದಿಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹಣ್ಣಾಗಿ ಚಂದ್ರಿಕೆ ಹತ್ತುವವರೆಗೆ, ಸುಮಾರು ಒಂದು ವಾರ, ಸೊಪ್ಪು ಹಾಕಿದಷ್ಟೂ ಸಾಲದು. ಮನೆಯವರೆಲ್ಲ ಸರದಿಯಲ್ಲಿ ಎದ್ದಿರುತ್ತಾರೆ, ಹೈಸ್ಕೂಲಿಗೆ ಹೋಗುವವರೂ ಸೇರಿ. ಗಣಿತ ಬೆಳಿಗ್ಗೆಯೇ ಇರಬೇಕು, ಆಗ ತಲೆ ಚುರುಕಾಗಿರುತ್ತದೆ ಎಂದು ನಾವೆಲ್ಲ ನಂಬಿಕೊಂಡು ಬಂದವರು. ಈ ವರ್ಷ ಪಟ್ಟಿ ಹಾಕುವ ಮುಂಚೆ ಒಂಬತ್ತನೇ ತರಗತಿಗೆ ಹೋಗಿ, ಗಣಿತ ಯಾವ ಹೊತ್ತಿಗಿದ್ದರೆ ಒಳ್ಳೆಯದು ಎಂದು ಕೇಳಿದೆ. ಕೆಲವರು ಬೆಳಿಗ್ಗೆ ಎಂದರು, ಕೆಲವರು ನಕ್ಕರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಈ ವಾರಕ್ಕಾ, ಮುಂದಿನ ವಾರಕ್ಕಾ ಸಾರ್?” ಎಂದಳು.