ಮಕ್ಕಳ ನಡಿಗೆಗೆ ತಕ್ಕ ಹಾಗೆ

ಹಿಂದೆ ನಿಂತಿರೋ ಬ್ರದರ್ಸ್, ಮುಂದೆ ಚೇರ್ ಖಾಲಿ ಇವೆ, ಬನ್ನಿ. ಸತ್ಯವೇದ ತೆಗೆಯೋಣ. ಮೊಬೈಲ್‌ನಲ್ಲಿ ಓದಿದರೂ ಪರವಾಗಿಲ್ಲ, ವಾಟ್ಸಾಪ್ ಮಾತ್ರ ಬೇಡ. ಆದಿಕಾಂಡ 33ನೇ ಅಧ್ಯಾಯ, 12ರಿಂದ 14.

ಸಂದರ್ಭ ನಿಮಗೆ ಗೊತ್ತು. ಯಾಕೋಬ 20 ವರ್ಷ ಲಾಬಾನನ ಮನೆಯಲ್ಲಿ ದುಡಿದು ವಾಪಸ್ ಬರ್ತಾ ಇದ್ದಾನೆ. ಏಸಾವ 400 ಜನರನ್ನು ಕರೆದುಕೊಂಡು ಎದುರು ಬಂದು, ನಡಿ ಹೋಗೋಣ, ನಾನು ಮುಂದೆ ಇರ್ತೇನೆ ಅಂತಾನೆ. ಯಾಕೋಬ ಒಪ್ಪಲ್ಲ. ನನ್ನ ಮಕ್ಕಳು ಎಳೆಯವರು, ಹಾಲುಣಿಸುವ ಆಡು ಕುರಿಗಳಿವೆ, ಒಂದು ದಿನ ಜೋರಾಗಿ ಓಡಿಸಿದರೆ ಸತ್ತೇ ಹೋಗ್ತಾವೆ, ನೀನು ಮುಂದೆ ಹೋಗು, ನಾನು ಮಕ್ಕಳ ನಡಿಗೆ ನೋಡಿಕೊಂಡು ಮೆಲ್ಲಗೆ ಬರ್ತೇನೆ ಅಂತಾನೆ. (ಆಮೇಲೆ ಅವನು ಸೇಯೀರಿಗೆ ಹೋಗಲೇ ಇಲ್ಲ, ಸುಕ್ಕೋತಿಗೆ ಹೋದ. ಯಾಕೋಬ ಯಾಕೋಬನೇ. ಅದು ಬೇರೆ ಪ್ರಸಂಗ.)

ನಮ್ಮ ಸಭೆಯಲ್ಲಿ ಪ್ರತಿ ಭಾನುವಾರ ಪ್ರಾರ್ಥನೆ ಚೀಟಿ ಬರುತ್ತವೆ. ಯೌವನಸ್ಥರದ್ದು ಬಹುಪಾಲು ವೀಸಾ. ಅದರಲ್ಲೂ ಕೆನಡಾ ಪಿಆರ್. ನಾನೂ ಕೈಯಿಟ್ಟು ಪ್ರಾರ್ಥಿಸಿದ್ದೇನೆ, ಬಾಗಿಲು ತೆರೆದಿದೆ, ಸ್ತೋತ್ರ! ಆದರೆ ಈ ವಾರ ಒಂದು ಕುತೂಹಲ ಬಂತು. ಆ ದೇಶಕ್ಕೆ ಏನೂ ಇಲ್ಲದೆ ಹೋದವರು ಹೇಗೆ ಬದುಕಿದರು? ಓದ್ತಾ ಓದ್ತಾ ಒಬ್ಬ ಮನುಷ್ಯ ಸಿಕ್ಕಿದ. ವಾಸಿಲ್ ಎಲೆನ್ಯಾಕ್.

1859ರಲ್ಲಿ ನೆಬಿಲಿವ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಈಗ ಅದು ಉಕ್ರೇನ್‌ನಲ್ಲಿದೆ, ಆಗ ಆಸ್ಟ್ರಿಯಾದ ಆಳ್ವಿಕೆಯ ಗಲಿಷಿಯ. ಅಪ್ಪನ ಹೊಲ ಮಕ್ಕಳಿಗೆ ಪಾಲಾಗಿ, ಅವರ ಪಾಲು ಮತ್ತೆ ಅವರ ಮಕ್ಕಳಿಗೆ ಪಾಲಾಗಿ, ಕೊನೆಗೆ ಹೊಟ್ಟೆ ತುಂಬದಷ್ಟು ತುಂಡು ಭೂಮಿ. ನಮ್ಮ ಹಳ್ಳಿಗಳಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಹೊತ್ತಿಗೆ ಕೆನಡಾದಲ್ಲಿ ಸರ್ಕಾರ 160 ಎಕರೆಯನ್ನು ಹತ್ತು ಡಾಲರ್ ಶುಲ್ಕಕ್ಕೆ ಕೊಡ್ತಾ ಇತ್ತು. ಸುದ್ದಿ ಹಳ್ಳಿಗೆ ಮುಟ್ಟಿತು. ಮೂವರು ಹೊರಟರು. ಒಬ್ಬನ ಹತ್ತಿರ ಸಾಕಷ್ಟು ದುಡ್ಡಿಲ್ಲ ಅಂತ ದಾರಿಯಲ್ಲೇ ವಾಪಸ್ ಕಳಿಸಿದರು. 1891ರ ಸೆಪ್ಟೆಂಬರ್‌ನಲ್ಲಿ ಇಬ್ಬರು ಇಳಿದರು: ಇವಾನ್ ಪಿಲಿಪಿವ್ ಮತ್ತು ಎಲೆನ್ಯಾಕ್. ಆಗ ಎಲೆನ್ಯಾಕ್‌ಗೆ 31 ವಯಸ್ಸು. ಇಲ್ಲಿ ಕೂತಿರುವ ಎಷ್ಟೋ ಬ್ರದರ್ಸ್ ವಯಸ್ಸು. ಹೆಂಡತಿ ಮಕ್ಕಳು ಊರಲ್ಲಿ.

ಈಗ ಗಮನ ಕೊಡಿ. ಪಿಲಿಪಿವ್ ಮನೆಯವರನ್ನು ಕರೆತರೋಕೆ ಊರಿಗೆ ವಾಪಸ್ ಹೋದರು. ಅಲ್ಲಿ ಕೆನಡಾ ಬಗ್ಗೆ ಹೇಳಿದ್ದಕ್ಕೆ, ಜನರನ್ನು ದೇಶ ಬಿಡಲು ಎಬ್ಬಿಸುತ್ತಾನೆ ಎಂದು ಅವರನ್ನು ಜೈಲಿಗೆ ಹಾಕಿದರು. ಇತ್ತ ಎಲೆನ್ಯಾಕ್ ಮ್ಯಾನಿಟೋಬಾದ ಗ್ರೆಟ್ನಾದಲ್ಲಿ ಮೆನ್ನೋನೈಟ್ ರೈತರ ಹೊಲದಲ್ಲಿ ಕೂಲಿ. ಹತ್ತು ಡಾಲರ್‌ಗೆ ಭೂಮಿ ಸಿಗೋ ದೇಶದಲ್ಲಿ ಈ ಮನುಷ್ಯ ಇನ್ನೊಬ್ಬರ ಹೊಲದಲ್ಲಿ ದುಡೀತಾ ಇದ್ದಾನೆ! ಯಾಕೆ? ಕಾಗದದ ಮೇಲೆ ಭೂಮಿ ಅಗ್ಗ. ಆದರೆ ಎತ್ತು ಬೇಕು, ನೇಗಿಲು ಬೇಕು, ಬೀಜ ಬೇಕು, ಮೊದಲ ಬೆಳೆ ಬರೋ ತನಕ ಮಕ್ಕಳ ಬಾಯಿಗೆ ಹಿಟ್ಟು ಬೇಕು. ಎಲೆನ್ಯಾಕ್ ಊರಿಗೆ ಹೋಗಿ ಮನೆಯವರನ್ನು ಕರೆತಂದರು. ಕರೆತಂದ ಮೇಲೂ ಗ್ರೆಟ್ನಾದಲ್ಲೇ ದುಡಿದರು. 1898ರಲ್ಲಿ ಆಲ್ಬರ್ಟಾದ ಚಿಪ್‌ಮನ್ ಹತ್ತಿರ ಸ್ವಂತ ಭೂಮಿ. ಏಳು ವರ್ಷ! ಸಾವಿರಾರು ಜನರಿಗೆ ದಾರಿ ತೆರೆದವರೇ ನಿಧಾನವಾಗಿ ನಡೆದರು.

ಆದಿಕಾಂಡ 30ರ 30ರಲ್ಲಿ ಯಾಕೋಬ ಮಾವನನ್ನು ಕೇಳುವ ಪ್ರಶ್ನೆ ಇದೇ ಅಲ್ವಾ? ನಿನ್ನ ಮಂದೆ ಬೆಳೆಯಿತು, ನನ್ನ ಮನೆಗಾಗಿ ನಾನು ಯಾವಾಗ ದುಡಿಯಲಿ? ಹಗಲು ಬಿಸಿಲು, ರಾತ್ರಿ ಚಳಿ, ಕಣ್ಣಿಗೆ ನಿದ್ದೆ ಇಲ್ಲ ಅಂತ ಮುಂದಿನ ಅಧ್ಯಾಯದಲ್ಲಿ ಹೇಳ್ತಾನೆ. ಕ್ಯಾನಡಾದ ಬಯಲಿನ ಚಳಿ ಅವನು ಕಂಡಿರಲಿಲ್ಲ, ಅಷ್ಟೇ.

ಎಲೆನ್ಯಾಕ್ ಪೆಂಟೆಕಾಸ್ಟ್ ವಿಶ್ವಾಸಿ ಅಲ್ಲ. ಗಲಿಷಿಯದ ಉಕ್ರೇನಿಯನ್ನರು ಹೆಚ್ಚಿನವರು ಗ್ರೀಕ್ ಕ್ಯಾಥೊಲಿಕರು. ಆದರೆ ಮನೆಯವರಿಗೋಸ್ಕರ ಕಾಯುವ ವಿಷಯದಲ್ಲಿ ಅವರು ನನಗೆ ಗುರು. ಯಾಕೆ ಅಂತ ಹೇಳ್ತೇನೆ.

ನಾನು ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡುವಾಗ ಹೆಂಡತಿ, ಮಗು ಎರಡು ವರ್ಷ ಅತ್ತೆ ಮನೆಯಲ್ಲಿದ್ದರು. ಕೋರ್ಸ್ ಮುಗಿಸಿ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತೆ. ಮಗಳು ಅಜ್ಜಿಯ ಸೀರೆ ಹಿಂದೆ ಅಡಗಿಕೊಂಡಳು. "ಇವರು ಯಾರು?" ಅಂದಳು. ನಾನು ಅದನ್ನು ಸಾಕ್ಷಿಯಾಗಿ ಎಷ್ಟು ಸಭೆಗಳಲ್ಲಿ ಹೇಳಿದ್ದೇನೆ ಗೊತ್ತಾ? ಕರ್ತನಿಗಾಗಿ ನಾನು ಏನೇನು ಬಿಟ್ಟೆ ಅಂತ! ಜನ ಚಪ್ಪಾಳೆ ತಟ್ಟಿದರು. ಒಂದು ರಾತ್ರಿ ಕೂಟ ಮುಗಿಸಿ ಬೈಕ್‌ನಲ್ಲಿ ಬರುವಾಗ ಹೆಂಡತಿ ಹಿಂದಿನಿಂದ ಕೇಳಿದಳು: "ಬಿಟ್ಟಿದ್ದು ನೀವು ಸರಿ. ಬಿಡಿಸಿಕೊಂಡವರು ಯಾರು?" ಮನೆ ಮುಟ್ಟೋ ತನಕ ನನ್ನ ಬಾಯಿಂದ ಮಾತು ಬರಲಿಲ್ಲ. ಆ ಸಾಕ್ಷಿಯನ್ನು ಮತ್ತೆ ಹೇಳಿಲ್ಲ. ಇವತ್ತು ಹೇಳ್ತಾ ಇರೋದು ಸಾಕ್ಷಿ ಅಲ್ಲ, ಅರಿಕೆ.

ದೂರ ಹೋಗೋದು ಪಾಪ ಅಂತ ನಾನು ಹೇಳ್ತಾ ಇಲ್ಲ. ಯಾಕೋಬ ಹೋದ, ಎಲೆನ್ಯಾಕ್ ಹೋದರು. ಇಬ್ಬರ ಲೆಕ್ಕದಲ್ಲೂ ಮನೆಯವರು ಇದ್ದರು. ನನ್ನ ಲೆಕ್ಕದಲ್ಲಿ ಇರಲಿಲ್ಲ. ಎರಡು ವರ್ಷದಲ್ಲಿ ಊರಿಗೆ ಹೋಗಬಹುದಾಗಿದ್ದ ರಜೆಗಳನ್ನೂ ಕೂಟಗಳಿಗೆ ಕೊಟ್ಟೆ. ದೇವರು ಕೇಳಿರಲಿಲ್ಲ, ನಾನೇ ಕೊಟ್ಟೆ.

ಎಲೆನ್ಯಾಕ್ ಬದುಕಲ್ಲಿ ಮುಂದೆ ಎಲ್ಲ ಸುಲಭ ಇತ್ತು ಅಂದುಕೊಳ್ಳಬೇಡಿ. 1914ರಲ್ಲಿ ಯುದ್ಧ ಬಂತು. ಆಸ್ಟ್ರಿಯಾದಿಂದ ಬಂದವರು ಶತ್ರು ದೇಶದವರು ಅಂತ ಕೆನಡಾ ಸರ್ಕಾರ ಎಂಟು ಸಾವಿರಕ್ಕಿಂತ ಹೆಚ್ಚು ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತು, ಬಹಳ ಜನ ಉಕ್ರೇನಿಯನ್ನರೇ. ಬಾ ಅಂತ ಕರೆದ ದೇಶವೇ ಅನುಮಾನದಿಂದ ನೋಡಿತು. ಆ ಜನ ಹೊಲ ಬಿಡಲಿಲ್ಲ, ಮಕ್ಕಳನ್ನು ಬೆಳೆಸಿದರು.

1947ರ ಜನವರಿ 3. ಕೆನಡಾದ ಪೌರತ್ವ ಎಂಬುದು ಶುರುವಾಗಿ ಮೂರನೇ ದಿನ. ಒಟ್ಟಾವಾದ ಸುಪ್ರೀಂ ಕೋರ್ಟಿನಲ್ಲಿ ಮೊದಲ ಸಮಾರಂಭ. ಮೊದಲ ಪ್ರಮಾಣಪತ್ರ ಪ್ರಧಾನಿ ಮೆಕೆಂಜಿ ಕಿಂಗ್‌ಗೆ. ಅದೇ ಸಮಾರಂಭದಲ್ಲಿ ಪತ್ರ ಪಡೆದವರಲ್ಲಿ ಒಬ್ಬರು ಚಿಪ್‌ಮನ್‌ನಿಂದ ಬಂದ 87ರ ಮುದುಕ, ಗ್ರೆಟ್ನಾದಲ್ಲಿ ಕೂಲಿ ಮಾಡಿದ್ದ ಎಲೆನ್ಯಾಕ್. ಹಲ್ಲೆಲೂಯಾ! ಈಗ ನಾನು ಪರಲೋಕದ ಪೌರತ್ವ, ಫಿಲಿಪ್ಪಿ 3:20ಕ್ಕೆ ಹೋಗ್ತೇನೆ ಅಂತ ಕಾಯ್ತಾ ಇದ್ದೀರಿ. ಇವತ್ತು ಇಲ್ಲ. ಅವರು 1956ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಪ್ರಧಾನಿಯ ಜೊತೆ ಪೌರತ್ವ ಪಡೆದ ದಿನ ದೊಡ್ಡದೇ. ನನಗೆ ಮಾತ್ರ ಕಣ್ಣಿಗೆ ಕಟ್ಟೋದು ಅವರು ಊರಿಗೆ ವಾಪಸ್ ಹೋಗಿ ಬಾಗಿಲಲ್ಲಿ ನಿಂತ ದಿನ. ಅವರ ಮಕ್ಕಳೂ ಯಾರು ಅಂತ ಕೇಳಿದರೋ ಏನೋ. ಆದರೆ ಅವರು ಬಂದಿದ್ದು ಕರೆದುಕೊಂಡು ಹೋಗೋಕೆ.

ಇವತ್ತು ವೀಸಾ ಚೀಟಿ ಬೇಡ. ವಾಲಂಟಿಯರ್ಸ್ ಖಾಲಿ ಚೀಟಿ ಕೊಡ್ತಾರೆ. ನೀವು ಹೋದರೆ ಇಲ್ಲಿ ಉಳಿಯೋದು ಯಾರು, ನೀವು ಈಗಾಗಲೇ ಬಂದು ಬಿಟ್ಟು ಊರಲ್ಲಿ ಉಳಿದಿರೋದು ಯಾರು, ಅವರ ಹೆಸರು ಬರೆಯಿರಿ. ನಿಮ್ಮ ಹೆಸರು ಬೇಡ. ಅವಸರ ಇಲ್ಲ, ಯೋಚನೆ ಮಾಡಿ ಬರೆಯಿರಿ. ನನ್ನ ಚೀಟಿ ಆಗಲೇ ಪೆಟ್ಟಿಗೆಯಲ್ಲಿದೆ, ಎರಡು ಹೆಸರು ಇವೆ. ಕೀಬೋರ್ಡ್ ಬ್ರದರ್, ಮೆಲ್ಲಗೆ ನುಡಿಸಿ. ಎಲ್ಲರೂ ಎದ್ದು ನಿಲ್ಲೋಣ.