ಜಲಗಾಲನದ ಉಳಿದರ್ಧ

ಶ್ರಾವಕನ ಮನೆಯನ್ನು ಗುರುತಿಸುವುದು ಹೇಗೆಂದು ಕೇಳಿದರೆ ನಮ್ಮ ಹಿರಿಯರು ಮೂರು ಲಕ್ಷಣಗಳನ್ನು ಹೇಳುತ್ತಿದ್ದರು: ನಿತ್ಯ ದೇವದರ್ಶನ, ರಾತ್ರಿಭೋಜನ ತ್ಯಾಗ ಮತ್ತು ಸೋಸಿದ ನೀರಿನ ಬಳಕೆ. ಮೊದಲೆರಡರ ಕುರಿತು ಪ್ರವಚನಗಳಲ್ಲಿ ಸಾಕಷ್ಟು ಕೇಳುತ್ತೇವೆ. ಮೂರನೆಯದು ಮಾತ್ರ ಅಡುಗೆಮನೆಯ ಒಂದು ರೂಢಿಯಾಗಿ ಉಳಿದುಬಿಟ್ಟಿದೆ. ಕೊಳವೆಯ ಬಾಯಿಗೆ ಬಿಳಿಯ ಬಟ್ಟೆಯೊಂದನ್ನು ಕಟ್ಟಿದರೆ ವ್ರತ ಪೂರೈಸಿತೆಂದು ನಾವು ಭಾವಿಸಿದ್ದೇವೆ. ನಾನೂ ಹಾಗೆಯೇ ಭಾವಿಸಿದ್ದವನು. ಆ ನೆಮ್ಮದಿಯನ್ನು ಕದಡಿದವಳು ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು.

ಮಾಸ್ತಿಯ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು ನೀರಿನ ಗುಣಧರ್ಮಗಳನ್ನು ಪಾಠ ಮಾಡುತ್ತಿದ್ದರು. ಮಕ್ಕಳು ಕೆರೆಯ ನೀರನ್ನು ಸೀಸೆಯಲ್ಲಿ ತುಂಬಿ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದರಂತೆ. ಜಿಗಿಜಿಗಿದು ಈಜುವ ನೀರುಚಿಗಟ, ಒಂಟಿ ಕಣ್ಣಿನ ಸೈಕ್ಲಾಪ್ಸ್, ಹಸುರು ಪಾಚಿಯ ಎಳೆಗಳು, ಸೊಳ್ಳೆಯ ಮರಿಹುಳುಗಳು ಹೀಗೆ ಒಂದು ಹನಿಯೊಳಗೆ ಒಂದು ಊರನ್ನೇ ಕಂಡು ಬಂದಿದ್ದಳು. ಅದೇ ಸಂಜೆ ಅವಳ ಅಜ್ಜಿ ನೀರು ಸೋಸುವ ಬಟ್ಟೆಯನ್ನು ಬಿಚ್ಚಿ ನಲ್ಲಿಯ ಕೆಳಗೆ ಹಿಂಡಿ ತೊಳೆಯುತ್ತಿದ್ದುದನ್ನು ನೋಡಿದ ಹುಡುಗಿ ನನ್ನ ಬಳಿಗೆ ಬಂದು ಕೇಳಿದಳು:

“ತಾತ, ಬಟ್ಟೆಯಲ್ಲಿ ಉಳಿದವು ಎಲ್ಲಿಗೆ ಹೋದವು?”

“ಮೋರಿಗೆ ಹೋದವು, ಮಗು.”

“ಮೋರಿಯ ಸೋಪಿನ ನೀರಿನಲ್ಲಿ ಅವು ಬದುಕುವುದಿಲ್ಲ ಅಂತ ಮೇಷ್ಟ್ರು ಹೇಳಿದರು. ಹಾಗಾದರೆ ನಾವು ಸೋಸುವುದು ಅವುಗಳಿಗಾಗಿಯೋ, ನಮಗಾಗಿಯೋ?”

ನಾನು ಉತ್ತರ ಹೇಳದೆ ಸುಮ್ಮನಾದೆ. ಈ ಲೇಖನ ಆ ಮೌನದ ಪ್ರಾಯಶ್ಚಿತ್ತ.

ಮೊದಲು ಶಾಸ್ತ್ರದ ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ತತ್ತ್ವಾರ್ಥಸೂತ್ರವು ಸ್ಥಾವರ ಜೀವಗಳನ್ನು ಪೃಥ್ವಿ, ಅಪ್, ತೇಜ, ವಾಯು, ವನಸ್ಪತಿ ಎಂದು ಐದಾಗಿ ವಿಂಗಡಿಸುತ್ತದೆ. ನೀರೇ ಯಾರ ಶರೀರವೋ ಆ ಏಕೇಂದ್ರಿಯ ಜೀವ ಅಪ್ಕಾಯ. ನೀರಿನಲ್ಲಿ ವಾಸಿಸುವ, ಚಲಿಸುವ ಎರಡು ಅಥವಾ ಹೆಚ್ಚು ಇಂದ್ರಿಯಗಳ ಜೀವಗಳು ತ್ರಸಗಳು. ಇವೆರಡೂ ಬೇರೆ ಬೇರೆ. ಬಟ್ಟೆ ತಡೆಯುವುದು ತ್ರಸಗಳನ್ನು. ಅಪ್ಕಾಯವನ್ನು ಯಾವ ಬಟ್ಟೆಯೂ ತಡೆಯಲಾರದು. ಅದರ ವಿಷಯದಲ್ಲಿ ಗೃಹಸ್ಥನಿಗೆ ಉಳಿದಿರುವುದು ಮಿತವ್ಯಯವೊಂದೇ.

ಇಲ್ಲಿ ನಮ್ಮವರೊಂದು ತಪ್ಪು ಮಾಡುತ್ತಾರೆ. ಒಂದು ಹನಿ ನೀರಿನಲ್ಲಿ 36,450 ಜೀವಗಳನ್ನು ಪಾಶ್ಚಾತ್ಯ ವಿಜ್ಞಾನಿಯೊಬ್ಬರು ಎಣಿಸಿದರೆಂಬ ಮಾತನ್ನು ನಾವೆಲ್ಲ ಸಭೆಗಳಲ್ಲಿ ಕೇಳಿದ್ದೇವೆ; ನಾನೂ ಹೇಳಿದ್ದೇನೆ. ಈಗ ಹೇಳುವುದಿಲ್ಲ. ಕೆರೆಯ ಹನಿಗೂ ಬಾವಿಯ ಹನಿಗೂ ಆಳದ ಕೊಳವೆಬಾವಿಯ ಹನಿಗೂ ಲೆಕ್ಕ ಒಂದೇ ಆಗಿರಲಾರದು. ಅಲ್ಲದೆ, ಸೂಕ್ಷ್ಮದರ್ಶಕದಲ್ಲಿ ಕಂಡವು ನೀರಿನೊಳಗಿನ ಜೀವಗಳೇ ಹೊರತು ಅಪ್ಕಾಯ ಜೀವಗಳಲ್ಲ. ಹಾಲೆಂಡಿನ ಲೇವನ್‌ಹುಕ್ 1674ರಲ್ಲಿ ಸರೋವರದ ನೀರನ್ನು ತನ್ನ ಮಸೂರದಡಿ ಇಟ್ಟು ಕಂಡದ್ದೂ ಇಂಥವನ್ನೇ. ನೀರು ಜಲಜನಕ, ಆಮ್ಲಜನಕಗಳ ಸಂಯೋಗವೆಂದು ಮೇಷ್ಟ್ರು ಹೇಳಿದಾಗ ಅವರೊಡನೆ ಜಗಳವಾಡಬೇಕಾದ ಅಗತ್ಯ ಮಗುವಿಗಿಲ್ಲ. ಅಪ್ಕಾಯದ ವಿಚಾರವನ್ನು ಉಪಕರಣ ಸಾಧಿಸಿದೆಯೆಂದು ಹೇಳಬೇಕಾದ ಅಗತ್ಯವೂ ಇಲ್ಲ. ನಾಳೆ ಯಾರಾದರೂ ಒಂದೂ ಜೀವವಿಲ್ಲದ ಹನಿಯನ್ನು ತೋರಿಸಿದರೆ ನಮ್ಮ ವ್ರತ ಬಿದ್ದುಹೋಗುವುದೇ? ಅಂಕಿಯ ಮೇಲೆ ನಿಂತ ಅಹಿಂಸೆ ಅಂಕಿಯೊಡನೆಯೇ ಬೀಳುತ್ತದೆ.

ಇನ್ನೊಂದು ಸಮರ್ಥನೆ ಆರೋಗ್ಯದ್ದು. ಅದರಲ್ಲಿ ಸತ್ಯವಿದೆ. ನಾರುಹುಣ್ಣಿನ ರೋಗಾಣು ಮನುಷ್ಯನ ದೇಹವನ್ನು ಸೇರುತ್ತಿದ್ದುದು ಸೈಕ್ಲಾಪ್ಸಿನ ಮೂಲಕ. ಬಟ್ಟೆಯಿಂದ ನೀರು ಸೋಸುವ ಸರಳ ಉಪಾಯ ಆ ರೋಗವನ್ನು ಓಡಿಸುವಲ್ಲಿ ದೊಡ್ಡ ಪಾತ್ರ ವಹಿಸಿತು. 1996ರ ನಂತರ ಭಾರತದಲ್ಲಿ ಹೊಸ ರೋಗಿ ಕಾಣಿಸಲಿಲ್ಲ, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ನಾರುಹುಣ್ಣು ಮುಕ್ತವೆಂದು ಘೋಷಿಸಿತು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧದಷ್ಟು ತಗ್ಗಿತೆಂದು ರೀಟಾ ಕೋಲ್ವೆಲ್ ಮತ್ತವರ ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕಾಲರಾದ ಅಣುಜೀವಿಗಳು ನೀರಿನ ಪುಟ್ಟ ಪ್ರಾಣಿಗಳಿಗೆ ಅಂಟಿಕೊಂಡಿರುವುದೇ ಅದಕ್ಕೆ ಕಾರಣ.

ಇದನ್ನು ಕೇಳಿ ನಾವು ಹಿಗ್ಗುವುದು ಸಹಜ. ಆದರೆ ಹಿಗ್ಗುವ ಮುನ್ನ ನಿಲ್ಲಬೇಕು. ಮತ್ಲಬಿನ ತಾಯಿ ಸೋಸಿದ್ದು ತನ್ನ ಮಗುವಿನ ರಕ್ಷಣೆಗಾಗಿ, ಅದು ಸರಿಯಾದದ್ದೇ. ಶ್ರಾವಕ ಸೋಸುವುದಕ್ಕೂ ಅದೊಂದೇ ಕಾರಣವಾದರೆ, ಶುದ್ಧೀಕರಣ ಯಂತ್ರವನ್ನು ಕೊಂಡು ತಂದ ದಿನ ಬಟ್ಟೆಯನ್ನು ಮಡಿಸಿ ಇಡಬಹುದು. ನಮ್ಮ ವ್ರತ ಬೇರೆಯದೆಂದು ತೋರಿಸುವುದು ಸೋಸುವ ಕ್ರಿಯೆಯಲ್ಲ, ಸೋಸಿದ ನಂತರದ ಕ್ರಿಯೆ.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರ ಧರ್ಮಾಮೃತದಲ್ಲಿ ಜಲಗಾಲನ ವ್ರತದ ದೋಷಗಳನ್ನು ಎಣಿಸುತ್ತಾರೆ: ಎರಡು ಮುಹೂರ್ತ ಕಳೆದ ನೀರನ್ನು ಮತ್ತೆ ಸೋಸದೆ ಬಳಸುವುದು, ಕೆಟ್ಟ ಬಟ್ಟೆಯಿಂದ ಸೋಸುವುದು, ಮತ್ತು ಸೋಸಿ ಉಳಿದುದನ್ನು ಬೇರೊಂದು ಜಲಾಶಯದಲ್ಲಿ ಹಾಕುವುದು. ಮೂರನೆಯದನ್ನು ಗಮನಿಸಬೇಕು. ಉಳಿದುದನ್ನು ಮೋರಿಗೆ ಚೆಲ್ಲುವ ಮಾತನ್ನು ಅವರು ಎತ್ತುವುದೇ ಇಲ್ಲ. ಇನ್ನೊಂದು ಬಾವಿಗೆ, ಇನ್ನೊಂದು ಕೆರೆಗೆ ಬಿಟ್ಟರೂ ದೋಷವೆನ್ನುತ್ತಾರೆ. ಎಲ್ಲಿಂದ ತಂದೆವೋ ಅಲ್ಲಿಗೇ ಮರಳಿಸಬೇಕು. ಅದಕ್ಕಾಗಿಯೇ ತಳದಲ್ಲಿ ಬಳೆಯಿರುವ ಕೊಡವನ್ನು ನಿಧಾನವಾಗಿ ಇಳಿಸಿ, ನೀರಿನ ಮಟ್ಟದಲ್ಲಿ ಮಗುಚುವ ಪದ್ಧತಿ ಇತ್ತು. ಮೇಲಿನಿಂದ ಸುರಿದರೆ ಬಿದ್ದ ಪೆಟ್ಟಿಗೇ ಅವು ಸಾಯುತ್ತವೆಂಬ ಎಚ್ಚರ ಆ ಬಳೆಯಲ್ಲಿದೆ.

ಅದೇ ನೀರಿಗೇ ಏಕೆ ಎಂಬ ಪ್ರಶ್ನೆಗೆ ಮೊಮ್ಮಗಳ ಪಾಠಪುಸ್ತಕದಲ್ಲಿ ನನಗೆ ಒಳ್ಳೆಯ ವಿವರಣೆ ಸಿಕ್ಕಿತು. ನೀರು ಎಂದರೆ ಒಂದೇ ನೀರಲ್ಲ. ಶೂನ್ಯ ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರು ಹದಿನಾಲ್ಕೂವರೆ ಮಿಲಿಗ್ರಾಂನಷ್ಟು ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು; ಮೂವತ್ತು ಡಿಗ್ರಿಗೆ ಕಾದಾಗ ಅದು ಏಳೂವರೆಯಷ್ಟಕ್ಕೆ ಇಳಿಯುತ್ತದೆ. ಬೇಸಗೆಯಲ್ಲಿ ನಮ್ಮ ಕೆರೆಗಳ ಜೀವಿಗಳು ಅರ್ಧ ಉಸಿರಿನಲ್ಲಿ ಬದುಕುತ್ತಿರುತ್ತವೆ. ನೀರು ನಿಧಾನವಾಗಿ ಕಾದು ನಿಧಾನವಾಗಿ ತಣಿಯುವುದರಿಂದ ಹೊರಗಿನ ಬಿಸಿಲು ಒಳಗಿನವರಿಗೆ ತಟ್ಟನೆ ತಾಗುವುದಿಲ್ಲ. ಮೇಲ್ಮೈಯ ಬಿಗಿತದಿಂದ ಜಲಕೀಟಗಳು ನೀರಿನ ಮೇಲೆ ಮುಳುಗದೆ ಓಡಾಡುತ್ತವೆ. ನಾಲ್ಕು ಡಿಗ್ರಿಯಲ್ಲಿ ನೀರು ಅತಿ ಸಾಂದ್ರವಾಗಿ ತಳ ಸೇರುತ್ತದೆ, ಮಂಜುಗಡ್ಡೆ ಮೇಲೆ ತೇಲುತ್ತದೆ. ಆದ್ದರಿಂದಲೇ ಶೀತದೇಶಗಳ ಸರೋವರಗಳಲ್ಲಿ ಮೀನುಗಳು ಚಳಿಗಾಲವನ್ನು ಕಳೆಯುತ್ತವೆ. ಜೀವಗಳು ಪರಸ್ಪರ ಉಪಕಾರದಿಂದ ನಿಂತಿವೆಯೆಂದು ಉಮಾಸ್ವಾತಿ ಆಚಾರ್ಯರು ಐದನೆಯ ಅಧ್ಯಾಯದಲ್ಲಿ ಹೇಳಿದ್ದನ್ನು ನಾನು ಹಲವು ಬಾರಿ ವ್ಯಾಖ್ಯಾನಿಸಿದ್ದೇನೆ. ಪಾಚಿಯನ್ನು ನೀರುಚಿಗಟ, ಅದನ್ನು ಮೀನಿನ ಮರಿ, ಅದನ್ನು ಮಿಂಚುಳ್ಳಿ ಆಶ್ರಯಿಸಿರುವ ಕೆರೆಯಲ್ಲಿ ಉಪಕಾರವೂ ಹಿಂಸೆಯೂ ಹೆಣೆದುಕೊಂಡೇ ಇವೆ. ಆ ಹೆಣಿಗೆಯನ್ನು ಹೊರಗಿನಿಂದ ಹರಿಯುವ ಅಧಿಕಾರ ಮಾತ್ರ ನಮಗಿಲ್ಲ.

ಪೇಟೆಯಿಂದ ಜೀವಂತ ಮೀನು ಕೊಂಡು ಕಂಡ ಕೆರೆಗೆ ಬಿಟ್ಟು ಜೀವದಯೆಯೆನ್ನುವವರೂ ಇದನ್ನು ಯೋಚಿಸಬೇಕು. ಸಾಕಣೆಗೆಂದು ಹೊರದೇಶದಿಂದ ಬಂದ ಆಫ್ರಿಕದ ಬೆಕ್ಕುಮೀನು ಕೆರೆಗೆ ಬಿದ್ದರೆ ಅಲ್ಲಿನ ಮೂಲ ಮೀನುಗಳನ್ನು ತಿಂದು ಮುಗಿಸುತ್ತದೆ. ಒಂದನ್ನು ಉಳಿಸಿದ ಪುಣ್ಯದ ಪಕ್ಕದಲ್ಲಿ ಸಾವಿರದ ಲೆಕ್ಕವನ್ನು ಯಾರು ಬರೆಯುವರು? ಬೇರೆ ಜಲಾಶಯಕ್ಕೆ ಹಾಕಬಾರದೆಂಬ ಆಶಾಧರರ ನಿಷೇಧದಲ್ಲಿ ಈ ವಿವೇಕ ಅಡಗಿದೆ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಮರಳಿಸಬೇಕು, ನಿಜ. ಮರಳಿಸುವುದು ಎಲ್ಲಿಗೆ? ನನ್ನ ಬಾಲ್ಯದಲ್ಲಿ ಹಿತ್ತಿಲ ಬಾವಿಯಿತ್ತು. ಈಗ ನಮ್ಮ ಮನೆಯ ನೀರು ಕೊಳವೆಬಾವಿಯದು. ಕೋಲಾರ ಜಿಲ್ಲೆಯಲ್ಲಿ ಸದಾ ಹರಿಯುವ ನದಿಯಿಲ್ಲ; ಕೋಡಿಯಿಂದ ಕೋಡಿಗೆ ನೀರು ದಾಟುವ ಕೆರೆಗಳ ಸಾಲೇ ನಮ್ಮ ನದಿ. ಕೆರೆಗಳಲ್ಲಿ ಹೂಳು ತುಂಬಿತು, ತೆರೆದ ಬಾವಿಗಳು ಒಣಗಿದವು, ಕೊಳವೆಗಳು ಸಾವಿರ ಅಡಿ ದಾಟಿದವು, ಆಳದ ಶಿಲೆಯ ನೀರಿನೊಡನೆ ಫ್ಲೋರೈಡ್ ಮೇಲೆ ಬಂದಿತು. ಸಾವಿರ ಅಡಿಯ ಆಳಕ್ಕೆ ಬಳೆಯ ಕೊಡ ಇಳಿಯುವುದಿಲ್ಲ. ಅಲ್ಲದೆ ಆ ನೀರನ್ನು ಸೋಸಿದರೆ ಬಟ್ಟೆಯಲ್ಲಿ ತುಕ್ಕು, ಮರಳು ಬಿಟ್ಟರೆ ಬಹಳವೇನೂ ಉಳಿಯುವುದಿಲ್ಲ. ಹಾಗಾದರೆ ನಮ್ಮಿಂದ ಹಿಂಸೆ ತಪ್ಪಿತೆಂದು ಸಮಾಧಾನಪಡಬಹುದೇ?

ವ್ಯಾಪಾರಿಯಾದ ನನಗೆ ಲೆಕ್ಕದ ಭಾಷೆ ಹತ್ತಿರದ್ದು. ಒಂದು ಖಾತೆಯಲ್ಲಿ ಖರ್ಚು ಕಾಣದಿದ್ದರೆ ಅದು ಬೇರೊಂದು ಖಾತೆಯಲ್ಲಿ ಬರೆದಿರುತ್ತದೆ. ಬಟ್ಟೆಯಲ್ಲಿ ಜೀವ ಕಾಣದ ನೀರಿನ ಖರ್ಚು ಒಣಗಿದ ಕೆರೆಯ ಖಾತೆಯಲ್ಲಿದೆ. ಶ್ರಾವಕನಿಗೆ ನಿಷಿದ್ಧವೆಂದು ಗ್ರಂಥಗಳು ಹೇಳುವ ಹದಿನೈದು ಕ್ರೂರ ವೃತ್ತಿಗಳಲ್ಲಿ ‘ಸರಃಶೋಷ’ ಎಂಬುದೊಂದಿದೆ, ಅಂದರೆ ಸರೋವರವನ್ನು ಬತ್ತಿಸುವುದು. ಹನ್ನೆರಡನೆಯ ಶತಮಾನದ ಹೇಮಚಂದ್ರರ ಯೋಗಶಾಸ್ತ್ರದಲ್ಲಿಯೂ ಅದು ಬರುತ್ತದೆ. ಕೊಳವೆಬಾವಿ ಆ ಪಟ್ಟಿಯಲ್ಲಿಲ್ಲವೆಂದು ವಾದಿಸಬಹುದು. ಆ ವಾದಕ್ಕೆ ಆಶಾಧರರೇ ಉತ್ತರವಿತ್ತಿದ್ದಾರೆ: ಪಾಪಕರ್ಮಗಳು ಎಣಿಕೆಗೆ ಸಿಗುವಂಥವಲ್ಲ, ಆದ್ದರಿಂದ ಪಟ್ಟಿ ಮಾಡುವುದು ಅಷ್ಟು ಉಚಿತವಲ್ಲ, ಹೆಚ್ಚೆಂದರೆ ತೀರ ಮಂದಮತಿಗಳಿಗೆ ಹೇಳಬಹುದು ಎಂಬುದು ಅವರ ಅಭಿಪ್ರಾಯ. ಪಟ್ಟಿಯಲ್ಲಿಲ್ಲವೆಂದು ಬಿಡುಗಡೆ ಬಯಸುವವನು ಯಾವ ಗುಂಪಿಗೆ ಸೇರುತ್ತಾನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೋರಿಯ ಖಾತೆಯೂ ಇದೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂದಿತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದ್ದನ್ನು ಕಂಡು ಸಂತೋಷಪಟ್ಟವರು ಬಹಳ ಮಂದಿ. ಆದರೆ ಮರುತಿಂಗಳೇ ಆ ಕೆರೆಯಲ್ಲಿ ನೊರೆ ಕಾಣಿಸಿ, ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಇನ್ನೂ ಒಂದು ಹಂತದ ಸಂಸ್ಕರಣೆ ಬೇಕೆಂಬ ಬೇಡಿಕೆ ಎದ್ದಿತು. ಅದೇ ಕಣಿವೆಯ ಬೆಳ್ಳಂದೂರು ಕೆರೆ 2015ರಲ್ಲಿ ನೊರೆಯುಕ್ಕಿಸಿ ಬೆಂಕಿ ಹೊತ್ತಿಕೊಂಡದ್ದನ್ನು ದೇಶವೇ ನೋಡಿತು. ಮಾರ್ಜಕದ ಪುಡಿ ನೀರಿನ ಮೇಲ್ಮೈ ಬಿಗಿತವನ್ನು ಸಡಿಲಿಸುತ್ತದೆ. ಅದರೊಳಗಿನ ಮತ್ತು ಕೊಳಚೆಯೊಳಗಿನ ರಂಜಕ ಪಾಚಿಯನ್ನು ಮಿತಿಮೀರಿ ಬೆಳೆಸುತ್ತದೆ. ಆ ಪಾಚಿ ರಾತ್ರಿ ಉಸಿರಾಡಿ, ಸತ್ತು ಕೊಳೆತು ಆಮ್ಲಜನಕವನ್ನು ಮುಗಿಸುತ್ತದೆ. ಮೀನುಗಳು ಉಸಿರುಕಟ್ಟಿ ತೇಲುತ್ತವೆ. ನಲವತ್ತು ವರ್ಷ ನನ್ನ ಅಂಗಡಿಯಲ್ಲಿ ಆ ಪುಡಿಯನ್ನು ತೂಗಿ ಕೊಟ್ಟವನು ನಾನೇ. ವಿಷವ್ಯಾಪಾರ ನಿಷಿದ್ಧವೆಂದು ಹೇಳುತ್ತಲೇ ಕೊಟ್ಟೆ. ತಿಳಿಯದೆ ಮಾಡಿದ್ದು ಎನ್ನಬಹುದು. ತಿಳಿದ ಮೇಲೆ ಪ್ರಮಾದವೆನ್ನಲೇಬೇಕು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಕೆರೆ ತೋಡುವುದೂ ಹೂಳೆತ್ತುವುದೂ ಆರಂಭಹಿಂಸೆಯಲ್ಲವೇ, ಶ್ರಾವಕ ಅದರಿಂದ ದೂರವಿರುವುದೇ ಕ್ಷೇಮವಲ್ಲವೇ? ಅದು ಹಿಂಸೆ ಹೌದು, ಅಗೆಯುವಾಗ ಜೀವಹಾನಿಯಾಗುತ್ತದೆ. ಆದರೆ ದೂರವಿರುವವನು ನೀರು ಕುಡಿಯುವುದನ್ನು ಬಿಟ್ಟಿಲ್ಲ. ಇತರರು ತೋಡಿದ್ದರಿಂದ ಕುಡಿದು, ತೋಡಿದ ಪಾಪ ತನ್ನದಲ್ಲವೆನ್ನುವುದು ಅನುಮೋದನೆಯ ದೋಷವನ್ನು ಮರೆತ ಮಾತು. ಗಂಗರ ಮೊದಲ ರಾಜಧಾನಿ ನಮ್ಮ ಕೋಲಾರ, ಅಂದಿನ ಕುವಲಾಲಪುರ. ಆ ವಂಶದ ಏಳಿಗೆಗೆ ಸಿಂಹನಂದಿ ಆಚಾರ್ಯರು ಕಾರಣರೆಂಬುದು ನಮ್ಮ ಪರಂಪರೆಯ ನಂಬಿಕೆ. ಕನ್ನಡ ನಾಡಿನ ಶಾಸನಗಳಲ್ಲಿ ಬಸದಿಗಳಿಗೆ ಬಿಟ್ಟ ದತ್ತಿಯೆಂದರೆ ಬಹುಪಾಲು ಕೆರೆಯ ಕೆಳಗಿನ ಗದ್ದೆಯೇ. ಬೆಳ್ಗೊಳ ಎಂಬ ಹೆಸರಿನಲ್ಲೇ ಬಿಳಿಯ ಕೊಳವಿದೆ. ವರಂಗದ ಬಸದಿ ಕೆರೆಯ ನಡುವೆಯೇ ನಿಂತಿದೆ. ಕೆರೆಯ ಅನ್ನ ಉಂಡ ಧರ್ಮ ನಮ್ಮದು.

ಆದ್ದರಿಂದ ಮರಳಿಸುವ ಧರ್ಮಕ್ಕೆ ಇಂದಿನ ರೂಪ ಬೇಕು. ಕೆರೆ, ಬಾವಿಗಳ ನೀರನ್ನು ಬಳಸುವವರು ಬಟ್ಟೆಯ ಶೇಷವನ್ನು ಸೋಸಿದ ನೀರಿನಿಂದಲೇ ಜಾಲಿಸಿ, ಸೋಪು ತಾಗಿಸದೆ, ಅದೇ ಮೂಲಕ್ಕೆ ಬಿಡಲಿ. ಕೊಳವೆಬಾವಿಯವರು ನೀರನ್ನೇ ಮರಳಿಸಲಿ: ಮಾಡಿನ ಮಳೆನೀರು ಇಂಗುಗುಂಡಿಗೋ ಹಳೆಯ ಬಾವಿಗೋ ಹೋಗಲಿ. ಬಸದಿಗಳ ಆಡಳಿತ ಮಂಡಳಿಗಳಿಗೆ ನನ್ನ ವಿನಂತಿ ಇಷ್ಟು: ಅಭಿಷೇಕದ ಹಾಲು, ಅಷ್ಟದ್ರವ್ಯ, ಹೂವು ಕಲ್ಯಾಣಿಗೆ ಬೀಳದಿರಲಿ, ಏಕೆಂದರೆ ಅವು ಕೊಳೆಯುವಾಗ ನೀರಿನ ಉಸಿರನ್ನು ಕಸಿಯುತ್ತವೆ, ಯಾತ್ರಿಕರ ಸ್ನಾನದ ಸೋಪುನೀರು ಕೊಳದ ದಾರಿ ಹಿಡಿಯದಿರಲಿ, ವಾರ್ಷಿಕ ಲೆಕ್ಕಪತ್ರದಲ್ಲಿ ಎಷ್ಟು ನೀರು ಎತ್ತಿದೆವು, ಎಷ್ಟು ಇಂಗಿಸಿದೆವು ಎಂಬ ಎರಡು ಸಾಲುಗಳೂ ಇರಲಿ. ಜಮೆಯಿಲ್ಲದ ಖರ್ಚನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ನಮ್ಮ ಹಿತ್ತಿಲ ಬಾವಿಗೆ ಬಹಳ ಹಿಂದೆ ಚಪ್ಪಡಿ ಮುಚ್ಚಿಸಿದ್ದವನು ನಾನು. ಕಳೆದ ವರ್ಷ ಅದನ್ನು ತೆಗೆಸಿ, ಕಸ ಎತ್ತಿಸಿ, ಮಾಡಿನ ನೀರನ್ನು ಅದಕ್ಕೆ ತಿರುಗಿಸಿದೆವು. ಬೇಸಗೆಯಲ್ಲಿ ಒಣಗುತ್ತದೆ, ಮಳೆಯ ಬಳಿಕ ಮೂರು ಅಡಿ ನೀರು ನಿಲ್ಲುತ್ತದೆ, ಅದರಲ್ಲಿ ಕಪ್ಪೆಗಳು ಸೇರಿವೆ. ಆ ನೀರನ್ನು ಸೇದಿ ಸೋಸಿದ ದಿನ ಬಟ್ಟೆಯ ಶೇಷವನ್ನು ಅಲ್ಲಿಗೇ ಇಳಿಸುವ ಕೆಲಸ ಮೊಮ್ಮಗಳದು. ನಮಗಾಗಿಯೋ, ಅವುಗಳಿಗಾಗಿಯೋ ಎಂಬ ಅವಳ ಪ್ರಶ್ನೆಗೆ ಈಗ ಹೀಗೆ ಹೇಳುತ್ತೇನೆ: ಸೋಸುವುದರಲ್ಲಿ ಎರಡೂ ಸೇರಿವೆ, ಮಗು, ಮರಳಿ ಬಿಡುವುದು ಮಾತ್ರ ಅವುಗಳಿಗಾಗಿಯೇ. ಅದನ್ನು ಬಿಟ್ಟರೆ ನಮ್ಮ ಕೈಯಲ್ಲಿ ಉಳಿಯುವುದು ಒಂದು ಒದ್ದೆ ಬಟ್ಟೆ.