ನಮ್ಮದೆಂದರೆ ಯಾವುದು?

ಮುಂಡರಗಿಯ ಬಿಸಿಲಿನಲ್ಲಿ, ಅದರಲ್ಲೂ ಮಿರ್ಚಿ ತಿಂದ ಬಾಯಿಗೆ, ಗೋಲಿ ಸೋಡಾಕ್ಕೆ ಸಮನಾದುದಿಲ್ಲ. ಅದನ್ನು ಅಪ್ಪಟ ದೇಶೀಯ ಪಾನೀಯವೆಂದು ಹೊಗಳುವವರನ್ನು ಕಂಡಾಗ, ನದೀಮೂಲ ಋಷಿಮೂಲಗಳನ್ನು ಕೆದಕಬಾರದೆಂಬ ಹಿರಿಯರ ಮಾತು ನನಗೆ ನೆನಪಾಗುತ್ತದೆ.

ಕೆದಕಿದರೆ ದೊರೆಯುವುದೇನು? 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಪಾದ್ರಿ ಜೋಸೆಫ್ ಪ್ರೀಸ್ಟ್‌ಲಿ, ನೆರೆಯ ಬಿಯರ್ ಭಟ್ಟಿಯ ತೊಟ್ಟಿಯಿಂದೇಳುವ ಅನಿಲವನ್ನು ನೀರಿಗೆ ಬೆರೆಸಿ ನೋಡಿದನು, ಸೋಡಾ ಹುಟ್ಟಿತು. ಒಳಗಿನ ಒತ್ತಡವೇ ಗೋಲಿಯನ್ನು ರಬ್ಬರಿನ ಬಳೆಗೆ ಅದುಮಿ ಬಾಟಲಿಯ ಬಾಯಿ ಮುಚ್ಚುವ ಉಪಾಯಕ್ಕೆ 1872ರಲ್ಲಿ ಪೇಟೆಂಟು ಪಡೆದವನು ಹೈರಮ್ ಕಾಡ್ ಎಂಬ ಆಂಗ್ಲ. ಹೆಂಡದ ನೆರಳಿನಲ್ಲಿ ಹುಟ್ಟಿದ್ದು ನಮ್ಮ ಮಡಿವಂತರ ಅಜೀರ್ಣಕ್ಕೂ ಮದ್ದಾಯಿತು!

ಇನ್ನೊಂದನ್ನು ನೋಡಿ. 1977ರಲ್ಲಿ ಕೋಕಾಕೋಲಾ ಭಾರತ ಬಿಟ್ಟಾಗ, ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಪಾಕ ಸಿದ್ಧವಾಗಿ, ಸರಕಾರದ ಕಂಪನಿಯೇ ‘ಡಬಲ್ ಸೆವೆನ್’ ಪಾನೀಯವನ್ನು ಹೊರತಂದಿತು. ಕುಲದಿಂದ ಶುದ್ಧ ಸ್ವದೇಶಿ. ಆದರೂ ಪೇಟೆಯಲ್ಲಿ ಬೇರೂರದೆ ಕೆಲವೇ ವರ್ಷಗಳಲ್ಲಿ ಮರೆಯಾಯಿತು.

ತರಗತಿಯಲ್ಲಿ ತದ್ಭವದ ಪಾಠ ಹೇಳುವಾಗ ನನಗನಿಸುವುದು ಇದೇ: ಹೊರಗಿನ ಶಬ್ದ ನಾಲಗೆಗೆ ಪಳಗಿ ಕನ್ನಡವಾಗುವಂತೆ, ವಸ್ತುವೂ ಬಳಕೆಯಿಂದಲೇ ನಮ್ಮದಾಗುತ್ತದೆ, ಹುಟ್ಟಿನಿಂದಲ್ಲ. ಸೋಡಾಕ್ಕೆ ನಿಂಬೆ ಹಿಂಡಿ, ಉಪ್ಪು ಬೆರೆಸಿ ನಮ್ಮದಾಗಿಸಿಕೊಂಡೆವು. ಮಿರ್ಚಿಯ ಮೆಣಸಿನಕಾಯಿಯಾದರೂ ಕಡಲು ದಾಟಿ ಬಂದದ್ದೇ ಅಲ್ಲವೆ?

ವಸ್ತುಗಳಿಗೆ ತೋರುವ ಈ ಔದಾರ್ಯ ಮನುಷ್ಯರ ವಿಷಯದಲ್ಲಿ ಏಕೆ ಬತ್ತುತ್ತದೆ? ಬಾಟಲಿಯ ಮೂಲ ಕೇಳದೆ ಗಟಗಟ ಕುಡಿಯುವ ನಾವು, ಅದನ್ನು ಕೈಗಿತ್ತವನ ಕುಲವನ್ನು ಇಂದಿಗೂ ವಿಚಾರಿಸುತ್ತೇವೆ.